ರೋಡು ಇಬ್ಬರದ್ದೂ: ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ದಿನಾ ಬೋಗಾದಿಯಿಂದ ಅರಸು ರೋಡಿಗೆ ಕಾರಲ್ಲಿ ಬರ್ತೀನಿ. ಸೈಕಲ್‌ನೋರು ಅಂಚಲ್ಲಿ ಹೋಗೋದು ಬಿಟ್ಟು ರೋಡ್ ಒಳಗೇ ಬರ್ತಾರೆ, ಹಾರನ್ ಹೊಡೆದ್ರೂ ಜಾಗ ಬಿಡಲ್ಲ. ಎಡಕ್ಕೆ ಸರಿಯೋಕೆ ಏನ್ ಕಷ್ಟ?
- ಓದುಗರೊಬ್ಬರು, ಮೈಸೂರು

ಉತ್ತರ: ಕಷ್ಟ ಇದೆ ಸರ್, ಒಂದ್ಸಲ ಕಾರಿಂದ ಇಳಿದು ಆ ಅಂಚನ್ನ ನೋಡಿ. ಮರಳು, ಗಾಜಿನ ಚೂರು, ಟಾರು ಮುಗಿಯೋ ಕಡೆ ಹಳ್ಳ, ಚರಂಡಿ ಮೇಲಿನ ಕಬ್ಬಿಣದ ಜಾಲರಿ, ಅದರ ಸಂದಿಗೆ ಸೈಕಲ್ ಚಕ್ರ ಸಿಕ್ಕಿಕೊಂಡ್ರೆ ಮುಗೀತು. ಸಾಲಾಗಿ ಕಾರು ನಿಲ್ಲಿಸಿರೋ ಕಡೆ ಇನ್ನೂ ಕಷ್ಟ, ಯಾರು ಯಾವಾಗ ಬಾಗಿಲು ತೆಗೀತಾರೋ ಗೊತ್ತಾಗಲ್ಲ, ಅದಕ್ಕೇ ಒಂದು ಬಾಗಿಲಷ್ಟು ಜಾಗ ಬಿಟ್ಟು ಹೋಗ್ತಾರೆ. ಅದು ಸೊಕ್ಕಲ್ಲ, ಅವರು ಇರಬೇಕಾದ ಜಾಗಾನೇ ಅದು.

ನೀವು ಮಾಡಬೇಕಾದ್ದು ಇಷ್ಟೇ, ಓವರ್‌ಟೇಕ್ ಮಾಡುವಾಗ ಮಧ್ಯೆ 1.5 ಮೀಟರ್ ಬಿಡಿ. ಸ್ಪೇನ್‌ನಲ್ಲಿ ಇದಕ್ಕೆ ಕಾನೂನೇ ಇದೆ, ಬ್ರಿಟನ್‌ನೋರು 2022ರಲ್ಲಿ ತಮ್ಮ ರೋಡ್ ರೂಲ್ಸಲ್ಲಿ ಸೇರಿಸಿದ್ರು. ಅಷ್ಟು ಜಾಗ ಇಲ್ವಾ, ಹಿಂದೆ ನಿಧಾನಕ್ಕೆ ಬನ್ನಿ, ಮುಂದಿನ ಸಿಗ್ನಲ್ಲಲ್ಲಿ ಹೆಂಗೂ ಇಬ್ರೂ ನಿಲ್ಲಲೇಬೇಕು. ಕಿವಿ ಹತ್ರ ಬಂದು ಹಾರನ್ ಹೊಡೀಬೇಡಿ, ಬೆಚ್ಚಿಬಿದ್ದು ಹ್ಯಾಂಡಲ್ ಅಲ್ಲಾಡಿಸಿದ್ರೆ ನಿಮ್ಮ ಬಂಪರಿಗೇ ಬೀಳ್ತಾರೆ. ಸೈಕಲ್ ದಾಟಿದ ತಕ್ಷಣ ಅದರ ಮುಂದೆನೇ ಎಡಕ್ಕೆ ತಿರುಗಿಸೋರನ್ನ ಕಂಡ್ರಂತೂ ನಂಗೆ ಮೈ ಉರಿಯುತ್ತೆ, ಎರಡು ಸೆಕೆಂಡ್ ತಡೆದ್ರೆ ಅವರು ಮುಂದೆ ಹೋಗಿರ್ತಾರೆ. ಇನ್ನೊಂದು, ಕಾರು ನಿಲ್ಲಿಸಿ ಇಳಿಯುವಾಗ ನಿಮ್ಮ ಬಾಗಿಲನ್ನ ಎಡಗೈಲಿ ತೆಗೆದು ನೋಡಿ. ಮೈ ತಾನಾಗೇ ಬಲಕ್ಕೆ ತಿರುಗುತ್ತೆ, ಹಿಂದೆ ಬರೋರು ಕಣ್ಣಿಗೆ ಬೀಳ್ತಾರೆ.

ಪ್ರಶ್ನೆ: ಮಗ 9ನೇ ಕ್ಲಾಸು, ಸಾಯಂಕಾಲ ಟ್ಯೂಷನ್ ಮುಗಿಸಿ ಸರ್ವಿಸ್ ರೋಡಲ್ಲಿ ಸೈಕಲ್ ತುಳ್ಕೊಂಡು ಬರ್ತಾನೆ. ಕಬ್ಬು ಕಟಾವು ಶುರುವಾದ್ರೆ ಅವನು ಮನೆ ಸೇರೋವರ್ಗೂ ನಂಗೆ ಜೀವ ಇರಲ್ಲ. ಏನ್ ಹೇಳ್ಕೊಡ್ಲಿ?
- ಒಬ್ಬ ತಾಯಿ, ಮಂಡ್ಯ

ಉತ್ತರ: ನಿಮ್ಮ ಭಯ ಸರಿಯಾಗೇ ಇದೆ ಅಮ್ಮ. 2023ರ ಆಗಸ್ಟ್ 1ರಿಂದ ಬೆಂಗಳೂರು ಮೈಸೂರು ಎಕ್ಸ್‌ಪ್ರೆಸ್‌ವೇ ಮೇನ್ ರೋಡಲ್ಲಿ ಬೈಕು, ಆಟೋ, ಟ್ರ್ಯಾಕ್ಟರು, ಸೈಕಲ್ಲು ಯಾವ್ದೂ ಹೋಗಂಗಿಲ್ಲ, ಅವೆಲ್ಲಾ ಸರ್ವಿಸ್ ರೋಡಿಗೇ ಬರ್ಬೇಕು. ಹಂಗಾಗಿ ಕಟಾವಿನ ಟೈಮಲ್ಲಿ ಕಬ್ಬಿನ ಟ್ರೈಲರ್ ಎಳೆಯೋ ಟ್ರ್ಯಾಕ್ಟರೂ ನಿಮ್ಮ ಮಗನ ಸೈಕಲ್ಲೂ ಒಂದೇ ರೋಡಲ್ಲಿ.

ಮೊದಲು ಹೇಳಬೇಕಾದ್ದು, ಜಲ್ಲೆ ಎಳೆಯೋಕೆ ಟ್ರೈಲರ್ ಹಿಂದೆ ಹೋಗ್ಬೇಡ ಅಂತ. ಹುಡುಗ್ರು ಒಂದು ಕೈಲಿ ಹ್ಯಾಂಡಲ್ ಹಿಡಿದು ಇನ್ನೊಂದು ಕೈಲಿ ಜಲ್ಲೆ ಎಳೀತಾರೆ, ಲೋಡು ಬಿಗಿಯಾಗಿದ್ರೆ ಜಲ್ಲೆ ಬರಲ್ಲ, ಸೈಕಲ್ಲೇ ಟ್ರೈಲರ್ ಗಾಲಿ ಕಡೆ ವಾಲುತ್ತೆ. ಡ್ರೈವರಿಗೆ ಇದ್ಯಾವ್ದೂ ಕಾಣಲ್ಲ, ಕಬ್ಬು ಟ್ರ್ಯಾಕ್ಟರಿಗಿಂತ ಅಗಲಕ್ಕೆ ಚಾಚಿರುತ್ತೆ. ಎರಡು ಟ್ರೈಲರ್ ಕಟ್ಟಿದ್ರೆ ಹಿಂದಿಂದು ಹಾವಿನ ಬಾಲದ ಥರ ಓಲಾಡುತ್ತೆ, ತಿರುವಲ್ಲಿ ಒಳಗಡೆಗೆ ಕತ್ತರಿಸ್ಕೊಂಡು ಬರುತ್ತೆ, ಹಂಗಾಗಿ ಅದರ ಎಡಪಕ್ಕಕ್ಕೆ ನುಗ್ಗಲೇಬಾರದು, ಹಿಂದೆ ನಿಂತುಬಿಡ್ಲಿ.

ಮುಂದೆ ಬಿಳಿ ಲೈಟು, ಹಿಂದೆ ಕೆಂಪು ಲೈಟು ಹಾಕಿಸಿ, ಪೆಡಲ್ಲಿಗೂ ಹಿಂದಿನ ಮಡ್‌ಗಾರ್ಡಿಗೂ ರೇಡಿಯಂ ಅಂಟಿಸಿ. ಪೆಡಲ್ ಮೇಲೆ ಕೆಳಗೆ ಆಡ್ತಿರುತ್ತಲ್ಲ, ಹೆಡ್‌ಲೈಟ್ ಬಿದ್ರೆ ಸೈಕಲ್ ಅಂತ ದೂರದಿಂದ್ಲೇ ಗೊತ್ತಾಗುತ್ತೆ.

ಟ್ರ್ಯಾಕ್ಟರ್ ಇಟ್ಟಿರೋ ರೈತರಿಗೂ ಕೈಮುಗಿದು ಕೇಳ್ಕೊಳ್ತೀನಿ. ಲೋಡ್ ಆದ್ಮೇಲೆ ಹಿಂದಿನ ಲೈಟನ್ನ ಕಬ್ಬಿನ ಸೋಗೆ ಮುಚ್ಚಿರುತ್ತೆ, ಒಂದ್ಸಲ ಹಿಂದೆ ಹೋಗಿ ನೋಡಿ, ಕೆಟ್ಟು ನಿಂತ ಟ್ರೈಲರನ್ನ ಕತ್ತಲಲ್ಲಿ ಹಂಗೇ ಬಿಟ್ಟು ಹೋಗ್ಬೇಡಿ.

ಪ್ರಶ್ನೆ: ಬಲಗಡೆ, ಎದುರಿಗೆ ಸೈಕಲ್ ಹೊಡೆದ್ರೆ ಬರೋ ಗಾಡಿ ಕಾಣುತ್ತೆ, ಅದೇ ಸೇಫ್ ಅಲ್ವಾ?
- ಕಾಲೇಜು ವಿದ್ಯಾರ್ಥಿ, ಮೈಸೂರು

ಉತ್ತರ: ಅಲ್ಲಪ್ಪ. ನಿನ್ನ ಸ್ಪೀಡು 15, ಕಾರಿಂದು 40 ಅಂದ್ಕೋ. ಹಿಂದಿಂದ ಬರೋ ಕಾರು ನಿನ್ನ ಹತ್ರ ಬರೋದು 25ರಲ್ಲಿ, ಎದುರಿಗೆ ಹೋದ್ರೆ 55ರಲ್ಲಿ, ಬ್ರೇಕ್ ಹಾಕೋಕೆ ಟೈಮೇ ಸಿಗಲ್ಲ. ಅಡ್ಡರಸ್ತೆಯಿಂದ ಎಡಕ್ಕೆ ತಿರುಗೋರು ಬಲಗಡೆ ಮಾತ್ರ ನೋಡ್ತಾರೆ, ನೀನು ಬರ್ತಿರೋದು ಎಡಗಡೆಯಿಂದ.