ದಿಂಬಿನಡಿ ಪಿಸ್ತೂಲು ಬೇಕಾ?

ಮಲೆನಾಡಿನ ಅಡಿಕೆ ಬೆಳೆಗಾರರೊಬ್ಬರ ಪತ್ರ ಬಂದಿದೆ. ತೋಟದ ನಡುವೆ ಒಂಟಿ ಮನೆ, ಗಂಡ ಹೆಂಡತಿ ಇಬ್ಬರೇ, ಮಕ್ಕಳು ಬೆಂಗಳೂರಿನಲ್ಲಿ. ಪಕ್ಕದವರ ಅಂಗಳದಿಂದ ರಾತ್ರಿ ಅಡಿಕೆ ಮೂಟೆ ಕಳುವಾಗಿದೆ. ಇವರು ಪಿಸ್ತೂಲಿನ ಲೈಸೆನ್ಸಿಗೆ ಅರ್ಜಿ ಹಾಕಿ ಓಡಾಡಿ ಸುಸ್ತಾಗಿದ್ದಾರೆ. ‘ಕೊಡವರಿಗೆ ಲೈಸೆನ್ಸೇ ಬೇಡ, ಅಮೆರಿಕದಲ್ಲಿ ಮನೆಮನೆಯಲ್ಲೂ ಗನ್, ನಮಗೆ ಮಾತ್ರ ಯಾಕೆ ಈ ಕಾಟ?’ ಅಂತ ಕೇಳಿದ್ದಾರೆ.

ಸಾರ್, ನಿಮ್ಮ ಭಯ ಸುಳ್ಳಲ್ಲ. ಆದರೆ ನೀವು ಕೇಳಿದ್ದೇ ಪಿಸ್ತೂಲು, ತೊಡಕು ಶುರುವಾಗಿದ್ದು ಅಲ್ಲೇ. 1959ರ ಶಸ್ತ್ರಾಸ್ತ್ರ ಕಾಯ್ದೆಯ 13ನೇ ಸೆಕ್ಷನ್ ಓದಿ ನೋಡಿ. ಸ್ವಂತ ರಕ್ಷಣೆಗೆ ಉದ್ದ ನಳಿಗೆಯ ತೋಟೆ (ಕಾರ್ಟ್ರಿಜ್) ಕೋವಿ, ಬೆಳೆ ಕಾಯಲು ನಳಿಗೆಯ ಬಾಯಿಂದ ಮದ್ದು ತುಂಬುವ ಕೇಪಿನ ಕೋವಿ ಕೇಳಿದವರಿಗೆ ಅದು ಸ್ವಲ್ಪ ಉದಾರವಾಗಿದೆ. ಪಿಸ್ತೂಲಿಗೆ ಮಾತ್ರ ಗಟ್ಟಿ ಕಾರಣ ಕೊಡಬೇಕು. ಜೇಬಲ್ಲಿ ಅಡಗುವ ಆಯುಧ ಅಲ್ವಾ, ಆ ಎಚ್ಚರ ನನಗಂತೂ ಸರಿ ಅನಿಸುತ್ತದೆ.

ಕೊಡಗಿನ ಮಾತು. ಅಲ್ಲಿ ಕೋವಿಗೆ ಪೂಜೆ ಇದೆ, ಕೈಲ್‌ಪೊಳ್ದ್ ಹಬ್ಬ ಇದೆ, ಬ್ರಿಟಿಷರ ಕಾಲದಿಂದ ಬಂದ ವಿನಾಯಿತಿಯೂ ಇದೆ. ಅದು ಕೊಡವರಿಗೆ ಮಾತ್ರವಲ್ಲ, ಜಮ್ಮಾ ಭೂಮಿ, ಅಂದರೆ ಅಲ್ಲಿನ ವಂಶಪಾರಂಪರ್ಯ ಹಿಡುವಳಿ, ಇದ್ದವರಿಗೂ ಸಿಗುತ್ತದೆ. ಕೇಂದ್ರ ಸರ್ಕಾರ 2019ರಲ್ಲಿ ಅದನ್ನು 2029ರವರೆಗೆ ಮುಂದುವರಿಸಿತು, 2021ರಲ್ಲಿ ನಮ್ಮ ಹೈಕೋರ್ಟೂ ಎತ್ತಿ ಹಿಡಿಯಿತು. ಆದರೆ ಆ ವಿನಾಯಿತಿಯ ಹಿಂದಿರುವುದು ಕೋವಿಯ ಸಂಪ್ರದಾಯ, ದಿಂಬಿನಡಿಯ ಪಿಸ್ತೂಲಲ್ಲ.

ಈಗ ಅಸಲು ವಿಷಯ. ರಾತ್ರಿ ಎರಡಕ್ಕೆ ಅಂಗಳದಲ್ಲಿ ಸದ್ದಾಯಿತು ಅಂತಿಟ್ಟುಕೊಳ್ಳಿ. ಲೈಸೆನ್ಸ್ ತಗೊಳ್ಳುವಾಗ ಸುರಕ್ಷಿತವಾಗಿ ಇಡುತ್ತೇನೆ ಅಂತ ಬರೆದುಕೊಟ್ಟಿರುತ್ತೀರಿ, ಹಾಗಾಗಿ ಗನ್ ಬೀರುವಿನಲ್ಲಿ ಬೀಗ ಹಾಕಿಕೊಂಡು ಕೂತಿದೆ. ಕನ್ನಡಕ ಹುಡುಕಿ, ಕೀ ಹುಡುಕಿ, ಗುಂಡು ತುಂಬಿ ಬರುವಷ್ಟರಲ್ಲಿ ಕಳ್ಳ ಗೇಟು ದಾಟಿರುತ್ತಾನೆ. ಬೀಗ ಬೇಡ, ದಿಂಬಿನಡಿ ಇಡುತ್ತೇನೆ ಅಂದರೆ, ರಜೆಗೆ ಬಂದ ಮೊಮ್ಮಗನ ಕೈಗೂ ಅದು ಅಷ್ಟೇ ಸಲೀಸಾಗಿ ಸಿಗುತ್ತದೆ. ಅಮೆರಿಕದಲ್ಲಿ ಗನ್ನಿನಿಂದ ಸಾಯುವವರಲ್ಲಿ ಅರ್ಧಕ್ಕಿಂತ ಜಾಸ್ತಿ ಜನ ತಮಗೆ ತಾವೇ ಗುಂಡು ಹೊಡೆದುಕೊಂಡವರು. ಆ ಸಾವುಗಳಲ್ಲಿ ಕಳ್ಳನೇ ಇಲ್ಲ.

ಹೊಡೆದೇ ಬಿಟ್ಟಿರಿ ಅನ್ನಿ. ಭಾರತೀಯ ನ್ಯಾಯ ಸಂಹಿತೆ ಆತ್ಮರಕ್ಷಣೆಯ ಹಕ್ಕು ಕೊಟ್ಟಿದೆ. ಕತ್ತಲಾದ ಮೇಲೆ ಮನೆಗೆ ಕನ್ನ ಹಾಕಿ ನುಗ್ಗಿದವನ ಪ್ರಾಣ ಹೋದರೂ ಆ ಹಕ್ಕು ನಿಮ್ಮನ್ನು ಕಾಯಬಹುದು. ಆದರೂ ಅಗತ್ಯಕ್ಕಿಂತ ಹೆಚ್ಚು ಹಾನಿ ಮಾಡುವಂತಿಲ್ಲ ಅಂತ 37ನೇ ಸೆಕ್ಷನ್ ಹೇಳುತ್ತದೆ. ಅಂಗಳದ ಮೂಟೆ ಹೊತ್ತು ಓಡುವವನ ಬೆನ್ನಿಗೆ ಗುಂಡು ಹೊಡೆದರೆ ಲೆಕ್ಕವೇ ಬೇರೆ. ಒಂದು ಮೂಟೆ ಅಡಿಕೆಗೆ ಕೊಲೆ ಕೇಸು, ವರ್ಷಾನುಗಟ್ಟಲೆ ಕೋರ್ಟು.

ಹಾಗಂತ ನಿಮ್ಮ ಸಿಟ್ಟೆಲ್ಲ ತಪ್ಪು ಅನ್ನುತ್ತಿಲ್ಲ. ಕೊಡುವುದಿದ್ದರೆ ಕೊಡಿ, ಇಲ್ಲವಾದರೆ ಕಾರಣ ಬರೆದು ತಿರಸ್ಕರಿಸಿ. ಸುಮ್ನೆ ಅಲೆದಾಡಿಸುವುದು ಯಾವ ನ್ಯಾಯ? ಚುನಾವಣೆ ಬಂದಾಗ ಮಂಗ, ಹಂದಿ ಕಾಟದ ನಡುವೆಯೇ ರೈತರ ಕೋವಿಗಳನ್ನು ಸ್ಟೇಷನ್ನಿನಲ್ಲಿ ಇಡಿಸಿಕೊಳ್ಳುವುದೂ ಹಾಗೆಯೇ. ಒಬ್ಬೊಬ್ಬರ ಹಿನ್ನೆಲೆ ನೋಡಿ ತೀರ್ಮಾನಿಸಬೇಕು ಅಂತ ಚುನಾವಣಾ ಆಯೋಗವೇ ಹೇಳಿದೆ, ಅದಕ್ಕೇ ಪರಿಶೀಲನಾ ಸಮಿತಿ ಇರುವುದು. ಈ ಎರಡರ ಬಗ್ಗೆ ನಾವು ಬರೆಯುತ್ತೇವೆ. ಪಿಸ್ತೂಲಿನ ಪರವಾಗಿ ಮಾತ್ರ ಬರೆಯುವುದಿಲ್ಲ. ನೀವು ಸದ್ಯಕ್ಕೆ ಅಡಿಕೆಯನ್ನು ಒಳಗಿಡಿ, ಅಂಗಳಕ್ಕೊಂದು ಜೋರು ದೀಪ ಹಾಕಿಸಿ, 112 ನಂಬರನ್ನು ಮನೆಯವರ ಫೋನಿನಲ್ಲೂ ಸೇವ್ ಮಾಡಿ. ಒಂದು ನಾಯಿಯೂ ಇರಲಿ.