ಯಾವ ಲಾಕ್‌ಔಟ್ ಕಿಟ್ ಅಂತ ಕೇಳುವ ಮೊದಲು ಏರ್ ಲೈನ್ ನೋಡಿ

ಸಣ್ಣ ಫ್ಯಾಕ್ಟರಿಗೆ ಯಾವ ಲಾಕ್‌ಔಟ್ ಟ್ಯಾಗ್‌ಔಟ್ ಕಿಟ್ (ರಿಪೇರಿ ಹೊತ್ತಿಗೆ ಮೆಷಿನ್ ಚಾಲೂ ಆಗದಂತೆ ಹಾಕುವ ಬೀಗ, ಟ್ಯಾಗ್‌ಗಳ ಸೆಟ್) ಒಳ್ಳೆಯದು, ದುಬಾರಿ ಬ್ರಾಂಡೇ ಬೇಕಾ ಎಂದು ಕೇಳಿದ್ದೀರಿ. ಪೀಣ್ಯದ ಒಂದು ಮೆಷಿನ್ ಶಾಪ್‌ನಲ್ಲಿ ಮೇಂಟೆನೆನ್ಸ್ ನೋಡಿಕೊಳ್ಳುತ್ತಿದ್ದಾಗ ನನಗೂ ಇದೇ ಯೋಚನೆ. ಆಡಿಟ್ ಹತ್ತಿರ ಬಂತೆಂದು ರೆಡಿಮೇಡ್ ಕಿಟ್ ತರಿಸಿದೆ. ಕೆಂಪು ಬೀಗ, ಹಲವು ಬೀಗ ಒಟ್ಟಿಗೆ ಹಾಕುವ ಕೊಂಡಿ (ಹ್ಯಾಸ್ಪ್), ಎಂಸಿಬಿ ಬ್ರೇಕರ್‌ಗೆ ಹಾಕುವ ಲಾಕ್, ಟ್ಯಾಗ್ ಎಲ್ಲ ಇತ್ತು. ಮೆಷಿನ್‌ಗೆ ಹೋಗುವ ಒತ್ತಡದ ಗಾಳಿಯನ್ನು ತಡೆಯಲು ಬೇಕಾದದ್ದು ಇರಲಿಲ್ಲ.

ಒಂದು ದಿನ ಡ್ರಿಲ್ಲಿಂಗ್ ಫಿಕ್ಸ್‌ಚರ್‌ನಲ್ಲಿ (ತೂತು ಕೊರೆಯುವಾಗ ಹಿಡಿದಿಡುವ ಚೌಕಟ್ಟು) ಜಾಬ್, ಅಂದರೆ ಕೊರೆಯಬೇಕಾದ ತುಂಡು, ಸಿಕ್ಕಿಹಾಕಿಕೊಂಡಿತು. ನಮ್ಮ ಫಿಟ್ಟರ್ ಹುಡುಗ ಮೇನ್ ಆಫ್ ಮಾಡಿ, ತನ್ನ ಬೀಗ ಹಾಕಿ, ಟ್ಯಾಗ್ ಮೇಲೆ ಹೆಸರು ಬರೆದು ಕೈ ಹಾಕಿದ. ಜಾಬ್ ಸಡಿಲವಾಗುತ್ತಲೇ ಅದನ್ನು ಗಾಳಿಯಿಂದ ಒತ್ತಿ ಹಿಡಿಯುವ ಕ್ಲ್ಯಾಂಪ್ ಸಿಲಿಂಡರ್ ಮುಂದಕ್ಕೆ ನುಗ್ಗಿತು. ಹೆಬ್ಬೆರಳ ಮೂಳೆ ಪುಡಿಯಾಯಿತು. ಅವನದು ಏನೂ ತಪ್ಪಿರಲಿಲ್ಲ, ಹೇಳಿಕೊಟ್ಟಷ್ಟನ್ನೂ ಮಾಡಿದ್ದ.

ಕರೆಂಟ್ ಹೋದರೂ ಸಿಲಿಂಡರ್‌ನಲ್ಲಿ ಗಾಳಿ ಹಾಗೇ ಇತ್ತು. 63 ಮಿ.ಮೀ. ಒಳವ್ಯಾಸದ ಸಿಲಿಂಡರ್‌ಗೆ 6 ಬಾರ್ ಒತ್ತಡ ಎಂದರೆ ಸುಮಾರು 190 ಕೆ.ಜಿ. ಭಾರ ಬೆರಳ ಮೇಲೆ ಕೂತ ಹಾಗೆ. ಲೈನ್‌ನಲ್ಲಿ ಬಾಲ್ ವಾಲ್ವ್ ಇತ್ತು. ಅದನ್ನು ಮುಚ್ಚಿ ಬೀಗ ಹಾಕಿದ್ದರೂ ಸಾಲುತ್ತಿರಲಿಲ್ಲ. ಮಾಮೂಲಿ ಬಾಲ್ ವಾಲ್ವ್ ಹೊಸ ಗಾಳಿ ಬರುವುದನ್ನಷ್ಟೇ ತಡೆಯುತ್ತದೆ, ಆಗಲೇ ಒಳಗೆ ಹೋದದ್ದು ಅಲ್ಲೇ ಉಳಿಯುತ್ತದೆ. ಮುಚ್ಚಿದಾಗ ಮೆಷಿನ್ ಕಡೆಯ ಗಾಳಿಯನ್ನು ಹೊರಗೆ ಬಿಡುವ, ಬೀಗ ಹಾಕಲು ಬರುವ ಎಕ್ಸಾಸ್ಟ್ ವಾಲ್ವ್ ಬೇಕಿತ್ತು. ಸಿಲಿಂಡರ್‌ಗೆ ಪೈಲಟ್ ಚೆಕ್ ವಾಲ್ವ್ (ಒಳಗಿನ ಗಾಳಿಯನ್ನು ಅಲ್ಲೇ ಹಿಡಿದಿಡುವ ವಾಲ್ವ್) ಇದ್ದರೆ ಎಕ್ಸಾಸ್ಟ್ ವಾಲ್ವ್ ಒಂದೇ ಸಾಲದು, ಸಿಲಿಂಡರ್ ಹತ್ತಿರವೇ ಗಾಳಿ ಬಿಡಬೇಕು. ಕಿಟ್ ಆರ್ಡರ್ ಮಾಡುವ ಮುಂಚೆ ಒಮ್ಮೆ ಏರ್ ಲೈನ್ ಹಿಡಿದು ಕೊನೆಯವರೆಗೆ ಹೋಗಿದ್ದರೆ ಇದೆಲ್ಲ ಕಾಣುತ್ತಿತ್ತು. ನಾನು ಪ್ಯಾನೆಲ್ ಬೋರ್ಡ್ ಮಾತ್ರ ನೋಡಿದ್ದೆ.

ಅದಕ್ಕೇ ಬ್ರಾಂಡ್ ಪ್ರಶ್ನೆಯನ್ನೇ ಈಗ ಬಿಟ್ಟುಬಿಡಿ. ಆಪರೇಟರ್‌ನ ಜೊತೆಗೆ ಕರೆದುಕೊಂಡು ಪ್ರತಿ ಮೆಷಿನ್ ಸುತ್ತ ಹೋಗಿ. ಕರೆಂಟ್, ಗಾಳಿ, ಹೈಡ್ರಾಲಿಕ್, ಸ್ಪ್ರಿಂಗ್, ಮೇಲೆತ್ತಿ ನಿಲ್ಲಿಸಿದ ಭಾರ, ಎಲ್ಲ ಬರೆಯಿರಿ. ಮೋಟಾರ್ ವೇಗ ನಿಯಂತ್ರಿಸುವ ಡ್ರೈವ್ ಇದ್ದರೆ, ಆಫ್ ಮಾಡಿದ ಮೇಲೆ ಕೆಪಾಸಿಟರ್ ಚಾರ್ಜ್ ಇಳಿಯಲು ಎಷ್ಟು ಹೊತ್ತು ಕಾಯಬೇಕೆಂದು ಅದರ ಮ್ಯಾನ್ಯುಯಲ್‌ನಲ್ಲಿ ಇರುತ್ತದೆ, ಅದನ್ನೂ ಬರೆದುಕೊಳ್ಳಿ. ಎಮರ್ಜೆನ್ಸಿ ಸ್ಟಾಪ್‌ಗೆ ಬೀಗ ಹಾಕುವ ಕವರ್ ಮಾರುತ್ತಾರೆ. ಆ ಬಟನ್ ಸಾಮಾನ್ಯವಾಗಿ ಕಂಟ್ರೋಲ್ ಸರ್ಕ್ಯೂಟ್ ಅಷ್ಟೇ ಕಡಿಯುವುದು, ಅದನ್ನು ನಂಬಿ ಕೈ ಹಾಕಿಸಬೇಡಿ.

ಬೀಗದ ವಿಷಯದಲ್ಲಿ ಮಾತ್ರ ನನ್ನದು ಹಟ. ಪ್ರತಿಯೊಬ್ಬನಿಗೂ ಅವನದೇ ಬೀಗ, ಬೇರೆ ಯಾವ ಬೀಗಕ್ಕೂ ಹೊಂದದ ಕೀ. ಎಲ್ಲಕ್ಕೂ ಒಂದೇ ಕೀ ಬರುವ ಸೆಟ್ ಸುಮ್ನೆ ಕೊಟ್ಟರೂ ಬೇಡ. ಅಮೆರಿಕದ ಕಾರ್ಮಿಕ ಸುರಕ್ಷತಾ ಸಂಸ್ಥೆ ಓಶಾದ 1910.147 ನಿಯಮದಲ್ಲೂ ಈ ಬೀಗಗಳನ್ನು ಬೇರೆ ಕೆಲಸಕ್ಕೆ ಬಳಸುವ ಹಾಗಿಲ್ಲ. ಬೀಗ ಹಾಕಿದ ಮೇಲೆ ಸ್ಟಾರ್ಟ್ ಒತ್ತಿ ನೋಡಿ, ಪ್ರೆಷರ್ ಗೇಜ್ ಸೊನ್ನೆಗೆ ಬಂತಾ ನೋಡಿ.

ಪಟ್ಟಿ ಆದ ಮೇಲೆ ಬ್ರೇಕರ್ ಫೋಟೋ, ವಾಲ್ವ್ ಸೈಜ್ ಇಲ್ಲೇ ಹಾಕಿ. ಯಾವುದಕ್ಕೆ ಯಾವ ಲಾಕ್ ಕೂರುತ್ತದೆ ಎಂದು ನೋಡಿ ಹೇಳುತ್ತೇನೆ.