ಎಂಟು ವರ್ಷದ ಮಗಳನ್ನು ನೆಟ್‌ಬಾಲ್‌ನಲ್ಲಿ ಮೇಲಿನ ಮಟ್ಟಕ್ಕೆ ತಯಾರು ಮಾಡುವುದು ಹೇಗೆ?

ನೀವು ಬರೆದದ್ದು ಇಷ್ಟು: ಮನೆ ಮೆಲ್ಬರ್ನ್‌ನ ಟಾರ್ನೀಟ್‌ನಲ್ಲಿ, ಮಗಳಿಗೆ ಎಂಟು ವರ್ಷ, ಕ್ಲಾಸಿನಲ್ಲಿ ಅವಳೇ ಎತ್ತರ. ಈಗಿನಿಂದಲೇ ಖಾಸಗಿ ಕೋಚ್ ಇಟ್ಟು ಗೋಲ್ ಶೂಟರ್ (ಗೋಲು ಹಾಕುವವಳು) ಮಾಡಿಸಿದರೆ ರಾಜ್ಯ ತಂಡ, ಆಮೇಲೆ ಆಸ್ಟ್ರೇಲಿಯಾದ ರಾಷ್ಟ್ರೀಯ ತಂಡ ಡೈಮಂಡ್ಸ್ ತನಕ ಹೋಗಬಹುದಾ ಅಂತ ಕೇಳಿದ್ದೀರಿ.

ಕೋಚ್ ಈಗ ಬೇಡ. ಶೂಟರ್ ಅಂತೂ ಬೇಡವೇ ಬೇಡ. ಒಂದು ಡಬ್ಬಿ ಸೀಮೆಸುಣ್ಣ ತಂದು ಡ್ರೈವ್‌ವೇ ಮೇಲೆ ಕುಂಟೆಬಿಲ್ಲೆಯ ಮನೆ ಬರೆದುಕೊಡಿ. ತಮಾಷೆ ಅಲ್ಲ, ಯಾಕೆ ಅಂತ ಹೇಳುತ್ತೇನೆ.

ನಾನು ತಿಪಟೂರಿನ ಕಡೆಯವಳು. ಹೈಸ್ಕೂಲಿನಲ್ಲಿ ಖೋ ಖೋ, ಥ್ರೋಬಾಲ್ ಆಡಿದ್ದೆ. ನೆಟ್‌ಬಾಲ್ ಅನ್ನುವ ಹೆಸರು ಕಿವಿಗೆ ಬಿದ್ದದ್ದೇ ಇಲ್ಲಿಗೆ ಬಂದಮೇಲೆ. ದೊಡ್ಡ ಮಗಳು ನಿಮ್ಮ ಮಗಳಷ್ಟೇ ಇದ್ದಾಗ ಅವಳ ತಂಡಕ್ಕೆ ಕೋಚ್ ಸಿಗಲಿಲ್ಲ. ಅಪ್ಪ ಅಮ್ಮಂದಿರಲ್ಲಿ ಯಾರಾದರೂ ಒಪ್ಪದಿದ್ದರೆ ತಂಡವೇ ಇಲ್ಲ ಅಂದರು, ಸುಮ್ಮನೆ ನಿಲ್ಲಲಾರದೆ ಕೈ ಎತ್ತಿದೆ. ಹಾಗೆ ಎತ್ತಿದ ಕೈ ಇಳಿಸದೆ ಒಂಬತ್ತು ಚಳಿಗಾಲ ಕಳೆದಿದೆ. ಮಕ್ಕಳೊಂದಿಗೆ ಇರುವುದಕ್ಕೆ ಬೇಕಾದ ಸರ್ಕಾರಿ ಕಾರ್ಡು ಮಾಡಿಸಿಕೊಂಡು, ಆನ್‌ಲೈನ್‌ನಲ್ಲಿ ಫೌಂಡೇಶನ್ ಕೋರ್ಸ್ ಮುಗಿಸಿ, ಉಳಿದದ್ದನ್ನು ತಪ್ಪು ಮಾಡುತ್ತಾ ಕಲಿತವಳು ನಾನು. ದೊಡ್ಡ ಮಟ್ಟದ ಕೋಚ್ ಅಲ್ಲ, ಅದನ್ನು ನೆನಪಿನಲ್ಲಿಟ್ಟುಕೊಂಡೇ ಓದಿ.

ನೆಟ್‌ಬಾಲ್ ಅಂದರೆ ಏಳೇಳು ಜನರ ಎರಡು ತಂಡ, ಕೈಯಿಂದ ಕೈಗೆ ಪಾಸ್ ಮಾಡುತ್ತಾ ಕಂಬದ ತುದಿಯ ಬಳೆಗೆ ಚೆಂಡು ಹಾಕುವ ಆಟ. ಇದರಲ್ಲಿ ಚೆಂಡು ತಟ್ಟಿಕೊಂಡು ಓಡುವಂತಿಲ್ಲ. ಹಿಡಿದ ಮೇಲೆ ಮೂರು ಸೆಕೆಂಡಿನೊಳಗೆ ಕೈ ಬಿಡಬೇಕು. (ಥ್ರೋಬಾಲ್ ಆಡಿದವರಿಗೆ ಈ ಮೂರು ಸೆಕೆಂಡ್ ಹೊಸದಲ್ಲ.) ಹಿಡಿಯುವಾಗ ಯಾವ ಕಾಲು ಮೊದಲು ನೆಲಕ್ಕೆ ತಾಗಿತೋ ಆ ಕಾಲನ್ನು ಎತ್ತಬಹುದು, ಆದರೆ ಚೆಂಡು ಬಿಡುವ ಮುಂಚೆ ಮತ್ತೆ ನೆಲಕ್ಕೆ ಊರುವಂತಿಲ್ಲ. ಊರಿದರೆ 'ಸ್ಟೆಪ್', ಚೆಂಡು ಎದುರಾಳಿಗೆ. ಅಂದರೆ ಪೂರ್ತಿ ವೇಗದಲ್ಲಿ ಓಡಿ ಬಂದ ಹುಡುಗಿ ಗಾಳಿಯಲ್ಲಿ ಚೆಂಡು ಹಿಡಿದು, ಒಂದೇ ಹೆಜ್ಜೆಯಲ್ಲಿ ಇಡೀ ಮೈಯನ್ನು ನಿಲ್ಲಿಸಬೇಕು. ನಿಂತ ಮೇಲೆ ತಿರುಗಬೇಕು, ನೋಡಬೇಕು, ಎಸೆಯಬೇಕು. ಎದುರಿನವಳು 0.9 ಮೀಟರ್ ದೂರದಲ್ಲಿ ಕೈ ಚಾಚಿ ನಿಂತಿರುತ್ತಾಳೆ. ಎಲ್ಲರ ಕಣ್ಣೂ ಕೈ ಮೇಲಿರುತ್ತದೆ, ಆಟ ಇರುವುದು ಕಾಲಲ್ಲಿ.

ಈಗ ಕುಂಟೆಬಿಲ್ಲೆ ಯೋಚಿಸಿ. ಒಂಟಿಕಾಲಲ್ಲಿ ಹಾರಿ ಗೆರೆ ತುಳಿಯದೆ ಇಳಿಯುವುದು, ಓಲಾಡದೆ ಬಗ್ಗಿ ಬಿಲ್ಲೆ ಎತ್ತುವುದು, ಅಲ್ಲೇ ತಿರುಗಿ ವಾಪಸ್ ಬರುವುದು. ನೆಟ್‌ಬಾಲ್ ಕೋಚ್‌ಗಳು ಕೋನ್ ಇಟ್ಟು ಕಲಿಸುವುದು ಇದನ್ನೇ. ಖೋ ಖೋದಲ್ಲಿ ಬೆನ್ನಿಗೆ ಖೋ ಬಿದ್ದ ಕೂಡಲೇ ಕುಳಿತಲ್ಲಿಂದ ಚಿಮ್ಮುವ ಆ ಮೊದಲ ಹೆಜ್ಜೆ ಇದೆಯಲ್ಲ, ಆಟ ಶುರು ಮಾಡುವ ಸೆಂಟರ್ ಪಾಸ್‌ಗೆ ಸೀಟಿ ಊದಿದಾಗ ಗೆರೆಯಾಚೆಯಿಂದ ನುಗ್ಗುವುದಕ್ಕೆ ಅದೇ ಬೇಕು. ನಾನು ಅಭ್ಯಾಸದ ಮೊದಲ ಹತ್ತು ನಿಮಿಷ ಖೋ ಖೋ ಆಡಿಸುತ್ತೇನೆ. ಇಲ್ಲಿನ ಮಕ್ಕಳು 'ಕೋ! ಕೋ!' ಅಂತ ಕಿರುಚಿಕೊಂಡು ಆಡುತ್ತವೆ. ಮಹಾಪ್ರಾಣದ ಆಸೆ ನಾನು ಬಿಟ್ಟಿದ್ದೇನೆ.

ಆಸ್ಟ್ರೇಲಿಯಾದಲ್ಲಿ 5ರಿಂದ 10 ವರ್ಷದವರಿಗೆ ನೆಟ್‌ಸೆಟ್‌ಗೋ ಅಂತ ಒಂದು ಕಾರ್ಯಕ್ರಮ ಇದೆ. ಸೇರಿಸಿಲ್ಲದಿದ್ದರೆ ಸೇರಿಸಿ. ದೊಡ್ಡವರ ಗೋಲ್ ಕಂಬ 3.05 ಮೀಟರ್, ಇಲ್ಲಿ 2.4 ಮೀಟರ್. ಚೆಂಡೂ ಒಂದು ಅಳತೆ ಚಿಕ್ಕದು. ನಮ್ಮವರು ಕೆಲವರು 'ಇದೇನು ಮಕ್ಕಳಾಟ, ದೊಡ್ಡ ಕಂಬಕ್ಕೇ ಅಭ್ಯಾಸ ಆಗಲಿ' ಅಂತ ಹಿತ್ತಲಲ್ಲಿ ಪೂರ್ತಿ ಎತ್ತರದ ಕಂಬ ನೆಡಿಸುತ್ತಾರೆ. ಅಷ್ಟು ಎತ್ತರಕ್ಕೆ ಬಲ ಸಾಲದ ಮಗು ಚೆಂಡನ್ನು ಎದೆಯಿಂದ ನೂಕುತ್ತದೆ. ಮೂರು ವರ್ಷ ಹಾಗೆ ನೂಕಿದ ಮೇಲೆ ಅದನ್ನು ಬಿಡಿಸುವುದಕ್ಕೆ ಇನ್ನೂ ಮೂರು ವರ್ಷ ಬೇಕು. ಚೆಂಡು ತಲೆಯ ಮೇಲೆ, ಬೆರಳ ತುದಿಗಳ ಮೇಲೆ ಕೂರಬೇಕು. ಮಂಡಿ ಬಗ್ಗಿ ಏಳುವ ಬಲ ಮೇಲಕ್ಕೆ ಹರಿದು ಮಣಿಕಟ್ಟಿನಿಂದ ಹೊರಡಬೇಕು. ನೆಟ್‌ಬಾಲ್ ಕಂಬಕ್ಕೆ ಬಾಸ್ಕೆಟ್‌ಬಾಲ್‌ನಂತೆ ಹಿಂದೆ ಹಲಗೆ ಇರುವುದಿಲ್ಲ. ಚೆಂಡು ಎತ್ತರ ಹೋಗಿ ಬಳೆಯೊಳಗೆ ನೇರ ಇಳಿಯಬೇಕು. ಕಂಬದ ಬುಡದಲ್ಲಿ ನಿಂತು ಶುರು ಮಾಡಿ, ಬೀಳತೊಡಗಿದ ಮೇಲೆ ಒಂದೊಂದೇ ಹೆಜ್ಜೆ ಹಿಂದೆ ಸರಿಯಲಿ. ಶೂಟಿಂಗ್ ಬಗ್ಗೆ ಎಂಟನೇ ವಯಸ್ಸಿಗೆ ಇಷ್ಟು ಸಾಕು.

ಎತ್ತರದ ವಿಷಯಕ್ಕೆ ಬರೋಣ. ಇಲ್ಲಿ ನನ್ನದೇ ಒಂದು ಹಳೆಯ ಗಾಯ ಇದೆ.

ದೊಡ್ಡವಳು ಹತ್ತನೇ ವಯಸ್ಸಿಗೆ ತಂಡದಲ್ಲೇ ಉದ್ದ. ಎದುರಾಳಿ ಶೂಟರನ್ನು ತಡೆಯುವ ಗೋಲ್ ಕೀಪರ್ ಬಿಬ್ (ಸ್ಥಾನದ ಹೆಸರಿರುವ ಮೇಲಂಗಿ) ಹಾಕಿದೆ. ಎರಡು ಸೀಸನ್ ತೆಗೆಯಲೇ ಇಲ್ಲ. ಕೈ ಎತ್ತಿ ನಿಂತರೆ ಸಾಕು, ಎದುರಿನ ಪುಟ್ಟ ಶೂಟರ್‌ಗಳು ಕಂಗಾಲು. ಪ್ರತಿ ಶನಿವಾರ ಗೆದ್ದೆವು. ನಾನು ಒಳ್ಳೆಯ ಕೋಚ್ ಅಂತ ನನಗೇ ಅನ್ನಿಸಿತ್ತು. ಹದಿಮೂರಕ್ಕೆ ಬಂದಾಗ ಅವಳು ಅಷ್ಟರಲ್ಲೇ ನಿಂತಳು, ಉಳಿದವರು ಬೆಳೆದು ಮೇಲೆ ಹೋದರು. ನಮ್ಮ ಮನೆತನದಲ್ಲಿ ಯಾರು ಆರಡಿ ಇದ್ದಾರೆ ಅಂತ ನಾನು ಮೊದಲೇ ಯೋಚಿಸಬಹುದಿತ್ತು! ಅಸೋಸಿಯೇಷನ್ (ಸುತ್ತಲಿನ ಕ್ಲಬ್‌ಗಳ ಒಕ್ಕೂಟ) ತನ್ನ ಪ್ರತಿನಿಧಿ ತಂಡಕ್ಕೆ, ಅಂದರೆ ರೆಪ್ ತಂಡಕ್ಕೆ, ನಡೆಸುವ ಟ್ರಯಲ್‌ನಲ್ಲಿ ಅವಳಿಗೆ ವಿಂಗ್ ಅಟ್ಯಾಕ್ ಬಿಬ್ ಕೊಟ್ಟರು, ಕೋರ್ಟಿನ ನಡುವೆ ಆಡುವ ಸ್ಥಾನ ಅದು. ಎಂಟು ನಿಮಿಷ ಆಡಿದಳು, ಆಯ್ಕೆಯಾಗಲಿಲ್ಲ. ವಾಪಸ್ ಬರುವಾಗ ಕಾರಿನಲ್ಲಿ, 'ಅಮ್ಮ, ಬಾಲು ಹಿಂದಿನಿಂದ ಬರುತ್ತೆ ಅಂತ ನಂಗೆ ಗೊತ್ತೇ ಇರಲಿಲ್ಲ' ಅಂದಳು.

ಆ ಮಾತು ಅರ್ಥವಾಗಲು ನನಗೆ ಒಂದು ವಾರ ಹಿಡಿಯಿತು. ಗೋಲ್ ಕೀಪರ್‌ಗೆ ಇಡೀ ಕೋರ್ಟ್ ಕಣ್ಣೆದುರು ಹಾಸಿರುತ್ತದೆ. ನಡುವೆ ಆಡುವವರಿಗೆ ಹಾಗಲ್ಲ, ಹೆಗಲ ಮೇಲಿಂದ ಹಿಂದೆ ನೋಡುತ್ತಲೇ ಮುಂದೆ ಓಡಬೇಕು, ಯಾವ ಕ್ಷಣಕ್ಕೆ ಜಾಗ ತೆರೆಯುತ್ತದೆ ಅಂತ ಮೊದಲೇ ಗೊತ್ತಾಗಬೇಕು. ಅದು ಆಡಿ ಆಡಿ ಮೈಗೆ ಹತ್ತುವ ವಿದ್ಯೆ. ಅವಳಿಗೆ ಆಡಲು ಬಿಟ್ಟವರೇ ಇರಲಿಲ್ಲ. ಬಿಡಬೇಕಾದವಳು ನಾನೇ.

ಈಗ ನನ್ನ ತಂಡದಲ್ಲಿ ಹನ್ನೆರಡು ವರ್ಷದ ತನಕ ಯಾರಿಗೂ ಖಾಯಂ ಬಿಬ್ ಇಲ್ಲ. ಏಳೂ ಸ್ಥಾನ ಎಲ್ಲರೂ ಆಡುತ್ತಾರೆ. ಪಂದ್ಯದ ಒಂದು ಕ್ವಾರ್ಟರ್ (ಕಾಲು ಭಾಗ) ಸೆಂಟರ್ ಆದವಳು ಮುಂದಿನದಕ್ಕೆ ಗೋಲ್ ಡಿಫೆನ್ಸ್. ಸೋಲುತ್ತೇವೆ, ಕೆಲವು ಪೋಷಕರು ಮುಖ ಸಿಂಡರಿಸುತ್ತಾರೆ. ಆದರೆ ಶೂಟರ್ ಆಗಿ ಆಡಿದ ಡಿಫೆಂಡರ್‌ಗೆ ಶೂಟರ್ ಎತ್ತ ಸರಿಯುತ್ತಾಳೆ ಅನ್ನುವುದು ಗೊತ್ತಿರುತ್ತದೆ. ಮೇಲಿನ ಮಟ್ಟದಲ್ಲೂ ಒಂದೇ ಬಿಬ್‌ಗೆ ಅಂಟಿಕೊಂಡವರು ಕಡಿಮೆ. 2023ರಲ್ಲಿ ಕೇಪ್ ಟೌನ್‌ನಲ್ಲಿ ಆಸ್ಟ್ರೇಲಿಯಾ ಹನ್ನೆರಡನೇ ಸಲ ವಿಶ್ವಕಪ್ ಗೆದ್ದಾಗ ನಾಯಕಿಯಾಗಿದ್ದ ಲಿಜ್ ವಾಟ್ಸನ್ ಸೆಂಟರ್ ಆಗಿಯೂ ಆಡಿದ್ದಾರೆ, ವಿಂಗ್ ಅಟ್ಯಾಕ್ ಆಗಿಯೂ ಆಡಿದ್ದಾರೆ. ಅದೇ ಡೈಮಂಡ್ಸ್‌ಗೆ ಆಡಿದ ಶೂಟರ್ ಗ್ರೆಟೆಲ್ ಬ್ಯೂಟಾ ಹದಿಹರೆಯದಲ್ಲಿ ಬಾಸ್ಕೆಟ್‌ಬಾಲ್ ಆಟಗಾರ್ತಿ, ನೆಟ್‌ಬಾಲ್‌ಗೆ ಬಂದದ್ದು ಆಮೇಲೆ. ಓಡುತ್ತಲೇ ಬಂದು ಬಳೆಗೆ ಹಾಕುವ ಅವರ ಶೈಲಿ ಆ ಆಟದ ಬಳುವಳಿ. ಹಾಗಾಗಿ ಮಗಳು ಬೇಸಿಗೆಯಲ್ಲಿ ಬಾಸ್ಕೆಟ್‌ಬಾಲ್, ಈಜು, ಭರತನಾಟ್ಯ ಏನು ಮಾಡಿದರೂ ಬಿಡಿಸಬೇಡಿ. ಅರಮಂಡಿ ಕೂತು ಗಟ್ಟಿಯಾದ ತೊಡೆ ನೆಟ್‌ಬಾಲ್‌ಗೆ ನಷ್ಟ ಅಲ್ಲ.

ಹನ್ನೊಂದರಿಂದ ಹದಿನಾಲ್ಕರ ನಡುವೆ ಒಂದು ಗಂಭೀರ ವಿಷಯ ಇದೆ: ಮಂಡಿ. ಮೈ ಏಕಾಏಕಿ ಬೆಳೆಯುವ ಆ ಕಾಲದಲ್ಲಿ ಹುಡುಗಿಯರು ಹಾರಿ ಇಳಿಯುವಾಗ ಮಂಡಿ ಒಳಕ್ಕೆ ವಾಲುತ್ತದೆ. ನಮ್ಮ ತಂಡದ ಹದಿನಾಲ್ಕರ ಹುಡುಗಿಯೊಬ್ಬಳಿಗೆ, ಯಾರೂ ಮುಟ್ಟದೆ, ಒಂದು ಸಾಮಾನ್ಯ ಪಾಸ್ ಹಿಡಿದು ಇಳಿದಾಗ ಮಂಡಿಯೊಳಗಿನ ಎಸಿಎಲ್ ಅನ್ನುವ ಅಸ್ಥಿರಜ್ಜು ಹರಿಯಿತು. ಶಸ್ತ್ರಚಿಕಿತ್ಸೆ, ವರ್ಷಕ್ಕೂ ಹೆಚ್ಚು ಆಟ ಇಲ್ಲ. ಆಗೆಲ್ಲ ನಾನು ಕೋರ್ಟ್ ಸಿಗುವುದೇ ಒಂದು ಗಂಟೆ ಅಂತ ವಾರ್ಮ್‌ಅಪ್ ಅನ್ನು ಎರಡು ಸುತ್ತು ಓಟಕ್ಕೆ ಮುಗಿಸಿಬಿಡುತ್ತಿದ್ದೆ. ನೆಟ್‌ಬಾಲ್ ಆಸ್ಟ್ರೇಲಿಯಾ 'ನೀ' (ಇಂಗ್ಲಿಷಿನಲ್ಲಿ ಮಂಡಿ) ಅನ್ನುವ ಹೆಸರಲ್ಲೇ ಒಂದು ವಾರ್ಮ್‌ಅಪ್ ಕ್ರಮ ಮಾಡಿಟ್ಟಿದೆ, ಕಿರಿಯರಿಗೆ, ಹವ್ಯಾಸಿಗಳಿಗೆ, ಮೇಲಿನ ಮಟ್ಟದವರಿಗೆ ಅಂತ ಬೇರೆ ಬೇರೆ. ಪುಕ್ಕಟೆ ಸಿಗುತ್ತದೆ. ಮಂಡಿ ಬಗ್ಗಿಸಿ, ಸೊಂಟ ಸ್ವಲ್ಪ ಹಿಂದಕ್ಕೆ, ಮಂಡಿ ಪಾದದ ನೇರಕ್ಕೆ, ಸದ್ದಾಗದಂತೆ ಇಳಿಯುವುದು. ನಾನು ಮಕ್ಕಳಿಗೆ 'ಬೆಕ್ಕಿನ ಹಾಗೆ ಇಳೀರಿ' ಅನ್ನುತ್ತೇನೆ. ನಿಮ್ಮ ಕ್ಲಬ್ ಕೋಚ್ ಇದನ್ನು ಮಾಡಿಸುತ್ತಾರಾ ಅಂತ ಕೇಳಿ. ಗೆದ್ದ ಸೋತ ಲೆಕ್ಕಕ್ಕಿಂತ ಈ ಪ್ರಶ್ನೆ ಮುಖ್ಯ.

ಜೊತೆಗೆ, ಕ್ರೀಡಾ ವೈದ್ಯರು ಹೇಳುವ ಒಂದು ಸುಲಭ ಲೆಕ್ಕ ಇದೆ: ಮಗುವಿನ ವಯಸ್ಸೆಷ್ಟೋ ವಾರಕ್ಕೆ ಅಷ್ಟು ಗಂಟೆ ದಾಟಬಾರದು. ಕ್ಲಬ್, ಶಾಲೆ, ಖಾಸಗಿ ಎಲ್ಲ ಸೇರಿಸಿ. ಎಂಟು ವರ್ಷದವಳಿಗೆ ಎಂಟು ಗಂಟೆ ಅಂದರೆ ಅದೇ ಜಾಸ್ತಿ.

ದಾರಿ ಹೀಗೆ ಸಾಗುತ್ತದೆ. ಶನಿವಾರದ ಕ್ಲಬ್ ಪಂದ್ಯಗಳು, ಅಲ್ಲಿಂದ ಟ್ರಯಲ್ ಮೂಲಕ ಅಸೋಸಿಯೇಷನ್‌ನ ರೆಪ್ ತಂಡ, ಅಲ್ಲಿಂದ ರಾಷ್ಟ್ರೀಯ ಚಾಂಪಿಯನ್‌ಶಿಪ್‌ಗೆ ಹೋಗುವ 17 ಮತ್ತು 19ರೊಳಗಿನ ರಾಜ್ಯ ತಂಡಗಳು, ಜೊತೆಜೊತೆಗೆ ವಿಕ್ಟೋರಿಯನ್ ನೆಟ್‌ಬಾಲ್ ಲೀಗ್. ಎಲ್ಲದರ ತುದಿಯಲ್ಲಿ ದೇಶದ ವೃತ್ತಿಪರ ಲೀಗ್ ಆದ ಸೂಪರ್ ನೆಟ್‌ಬಾಲ್: 2017ರಲ್ಲಿ ಶುರುವಾಯಿತು, ಎಂಟು ತಂಡ, ತಂಡಕ್ಕೆ ಹತ್ತು ಆಟಗಾರ್ತಿಯರ ಕರಾರು. ಇಡೀ ದೇಶದಲ್ಲಿ ಎಂಬತ್ತು ಜಾಗ. ಅದರಲ್ಲೂ ಜಮೈಕಾ, ಇಂಗ್ಲೆಂಡಿನಿಂದ ಬಂದವರಿರುತ್ತಾರೆ. ಗೋಲ್ ಶೂಟರ್ ಆಗಬೇಕು ಅನ್ನುವವರು ಜಮೈಕಾದ ಜನೀಲ್ ಫೌಲರ್ ಅವರನ್ನು ಒಮ್ಮೆ ನೋಡಬೇಕು, 1.98 ಮೀಟರ್. ನಿಮ್ಮ ಮನೆಯ ಬಾಗಿಲಿನ ಎತ್ತರಕ್ಕೆ ಹತ್ತಿರ ಹತ್ತಿರ. ನಮ್ಮ ಕಡೆಯವರಿಗೆ ಅಷ್ಟು ಎತ್ತರ ಬರುವುದೇ ಇಲ್ಲ ಅನ್ನುತ್ತಿಲ್ಲ. ಜಾಫ್ನಾ ಕಡೆಯ ತಮಿಳು ಹೆಣ್ಣುಮಗಳು ತರ್ಜಿನಿ ಶಿವಲಿಂಗಂ ಎರಡು ಮೀಟರ್ ದಾಟಿದವರು, ಶ್ರೀಲಂಕಾದ ಶೂಟರ್, ಮೆಲ್ಬರ್ನ್‌ನ ಲೀಗ್‌ನಲ್ಲೂ ಆಡಿದ್ದಾರೆ. ಆದರೆ ಎಂಟನೇ ವಯಸ್ಸಿನ ಎತ್ತರ ನೋಡಿ ಹದಿನೆಂಟರದ್ದನ್ನು ಹೇಳಲಾಗದು. ಕಾಲು, ಕಣ್ಣು, ಕೈ ಕಲಿತದ್ದು ಮಾತ್ರ ಎಷ್ಟು ಎತ್ತರ ಬಂದರೂ ಕೆಲಸಕ್ಕೆ ಬರುತ್ತದೆ.

ಇನ್ನು ನಮ್ಮವರ ಮಕ್ಕಳು ಎಲ್ಲಿ ಬಿಟ್ಟುಹೋಗುತ್ತಾರೆ ಅಂತ ಹೇಳಲಾ? ಆಟದಲ್ಲಿ ಹಿಂದೆ ಬಿದ್ದು ಅಲ್ಲ. ಎಂಟನೇ ಕ್ಲಾಸಿನಲ್ಲಿ, ಸೆಲೆಕ್ಟಿವ್ ಶಾಲೆಯ (ಪರೀಕ್ಷೆ ಬರೆದು ಸೇರುವ ಸರ್ಕಾರಿ ಹೈಸ್ಕೂಲು) ಪರೀಕ್ಷೆಗೆ. ಪರೀಕ್ಷೆ ಜೂನ್ ಹೊತ್ತಿಗೆ, ನೆಟ್‌ಬಾಲ್ ಸೀಸನ್ ಚಳಿಗಾಲದ್ದು. ಶನಿವಾರ ಬೆಳಿಗ್ಗೆ ಟ್ಯೂಷನ್ ಶುರುವಾಯಿತು ಅಂದರೆ ಮುಗಿಯಿತು. ನಾನು ಕಲಿಸಿದವರಲ್ಲೇ ನಾಲ್ಕು ಒಳ್ಳೆಯ ಹುಡುಗಿಯರು ಹಾಗೆ ಹೋದರು. ಅವರಲ್ಲಿ ಒಬ್ಬಳ ಕೈಯನ್ನು ನಾನು ಇವತ್ತಿಗೂ ಮರೆತಿಲ್ಲ, ಚೆಂಡು ಅವಳ ಬೆರಳಿಗೆ ಬಂದು ಸುಮ್ಮನಾಗುತ್ತಿತ್ತು. ಓದು ಬೇಡ ಅನ್ನಲು ನಾನು ಯಾರು? ಆದರೆ ಡೈಮಂಡ್ಸ್ ಬೇಕು ಅಂತ ಎಂಟನೇ ವಯಸ್ಸಿಗೆ ಕೋಚ್ ಹುಡುಕುವವರೇ ಹದಿಮೂರಕ್ಕೆ ಬಿಡಿಸುವುದನ್ನು ಕಂಡಿದ್ದೇನೆ. ಖಾಸಗಿ ಕೋಚ್‌ಗೆ ಅಂತ ಇಟ್ಟ ದುಡ್ಡನ್ನು ಹದಿನಾಲ್ಕಕ್ಕೆ ಎತ್ತಿಡಿ. ಆಗ ಅವಳಿಗೆ ಎರಡು ಸ್ಥಾನ ಗಟ್ಟಿಯಾಗಿರುತ್ತವೆ, ಮೈಬಲದ ಅಭ್ಯಾಸ ಸರಿಯಾಗಿ ಕಲಿಸುವವರು ಬೇಕಾಗುತ್ತಾರೆ.

ಊರಲ್ಲಿ ಅಜ್ಜ ಅಜ್ಜಿ 'ಅದೆಂಥ ಆಟ' ಅಂತ ಕೇಳಿದರೆ, 2024ರ ಅಕ್ಟೋಬರ್‌ನಲ್ಲಿ ಏಷ್ಯಾ ಮಹಿಳಾ ನೆಟ್‌ಬಾಲ್ ಚಾಂಪಿಯನ್‌ಶಿಪ್ ನಮ್ಮ ಬೆಂಗಳೂರಿನ ಕೋರಮಂಗಲ ಕ್ರೀಡಾಂಗಣದಲ್ಲೇ ನಡೆಯಿತು, ಸಿಂಗಾಪುರ ಗೆದ್ದಿತು ಅಂತ ಹೇಳಿ. ನಮ್ಮಮ್ಮ ಈ ಸುದ್ದಿ ಕೇಳಿದ ಮೇಲೆಯೇ 'ಓ, ಹಾಗಾದರೆ ನಿಜವಾದ ಆಟವೇ' ಅಂತ ಒಪ್ಪಿದ್ದು.

ಒಂದೆರಡು ಸಣ್ಣ ವಿಷಯ. ಪಂದ್ಯಕ್ಕೆ ಮುಂಚೆ ಅಂಪೈರ್ ಉಗುರು ನೋಡುತ್ತಾರೆ, ಬೆರಳ ತುದಿ ದಾಟಿರಬಾರದು. ಓಲೆ, ಬಳೆ, ಕಾಲ್ಗೆಜ್ಜೆ ಎಲ್ಲ ಬಿಚ್ಚಬೇಕು. ಕಿವಿ ಚುಚ್ಚಿಸುವುದಿದ್ದರೆ ಸೀಸನ್ ಮುಗಿದ ಮೇಲೆ ಚುಚ್ಚಿಸಿ, ನಾವು ಏಪ್ರಿಲ್‌ನಲ್ಲಿ ಚುಚ್ಚಿಸಿ ಆರು ವಾರ ಬೆಂಚಿನಲ್ಲಿ ಕೂರಿಸಿಕೊಂಡಿದ್ದೆವು. ಗಿಡ್ಡ ಡ್ರೆಸ್ ಹಾಕಲು ಮಗಳಿಗೆ ಸಂಕೋಚವಾದರೆ ಲೆಗಿಂಗ್ಸ್ ಹಾಕಬಹುದಾ ಅಂತ ಕ್ಲಬ್‌ನವರನ್ನು ಕೇಳಿ, ಬಹಳ ಕಡೆ ಒಪ್ಪುತ್ತಾರೆ.

ದೊಡ್ಡವಳಿಗೆ ಈಗ ಹದಿನೇಳು. ರೆಪ್ ತಂಡಕ್ಕೆ ಕೊನೆಗೂ ಹೋಗಲಿಲ್ಲ. ಕ್ಲಬ್‌ನಲ್ಲಿ ಸೆಂಟರ್ ಆಡುತ್ತಾಳೆ, ಹನ್ನೊಂದರೊಳಗಿನವರ ಪಂದ್ಯಗಳಿಗೆ ಅಂಪೈರ್ ಆಗಿ ತನ್ನ ಪಾಕೆಟ್ ಮನಿ ತಾನೇ ದುಡಿಯುತ್ತಾಳೆ. ಹೋದ ಶನಿವಾರ ನನ್ನದೇ ತಂಡದ ಮೇಲೆ ಐದು ಸಲ 'ಸ್ಟೆಪ್' ಊದಿದಳು. ಐದೂ ಸರಿಯಾಗಿತ್ತು.